ಅಕ್ಷರವೇ ಬಿಡುಗಡೆಯ ಹಣವಾದಾಗ

ಕ್ರಿ.ಶ. 624ರ ಬದ್ರ್ ಯುದ್ಧದಲ್ಲಿ ಮಕ್ಕಾದ ಸುಮಾರು 70 ಮಂದಿ ಸೆರೆಯಾದರು. ಅವರಲ್ಲಿ ಬಿಡುಗಡೆಯ ಹಣ ತೆರಲಾಗದ, ಆದರೆ ಬರಹ ಬಲ್ಲ ಕೈದಿಗಳ ಮುಂದೆ ಪ್ರವಾದಿ ಮುಹಮ್ಮದ್(ಸ)ರು ಒಂದು ಷರತ್ತನ್ನಿಟ್ಟರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ: ಪ್ರತಿಯೊಬ್ಬನೂ ಮದೀನಾದ 10 ಮಕ್ಕಳಿಗೆ ಬರೆಯಲು ಕಲಿಸಬೇಕು, ಅವರು ಕಲಿತ ದಿನ ಅವನು ಸ್ವತಂತ್ರನು. ಆಗಿನ್ನೂ ಹಿಜ್ರಾದ ಎರಡನೆಯ ವರ್ಷ. ಸಮುದಾಯವು ಕಡುಬಡತನದಲ್ಲಿತ್ತು. ಆದರೂ ಅಕ್ಷರವು ಹಣಕ್ಕೆ ಸಮನೆಂದು ಅಲ್ಲಿ ತೀರ್ಮಾನವಾಯಿತು.

ಕಲಿತವರು ಮಕ್ಕಳು ಮಾತ್ರವಲ್ಲ. ಪ್ರವಾದಿ(ಸ)ರ ಮಸ್ಜಿದ್‌ನ ಸುಫ್ಫಾದಲ್ಲಿ ಮನೆಮಾರಿಲ್ಲದ ವಯಸ್ಕರು ನೆಲೆಸಿದ್ದರು. ಉಬಾದ ಬಿನ್ ಸಾಮಿತ್(ರ)ರು ಅವರಲ್ಲಿ ಕೆಲವರಿಗೆ ಕುರ್‌ಆನನ್ನೂ ಬರಹವನ್ನೂ ಕಲಿಸಿದರು. ಶಿಷ್ಯನೊಬ್ಬ ಬಿಲ್ಲೊಂದನ್ನು ಉಡುಗೊರೆಯಾಗಿ ಕೊಟ್ಟಾಗ, ಅದನ್ನು ಸ್ವೀಕರಿಸದಂತೆ ಪ್ರವಾದಿ(ಸ)ರು ಅವರನ್ನು ಎಚ್ಚರಿಸಿದರೆಂದು ಅಬೂದಾವೂದ್‌ರ ಹದೀಸ್ ಸಂಗ್ರಹ ತಿಳಿಸುತ್ತದೆ. ಶಿಫಾ ಬಿನ್ತ್ ಅಬ್ದುಲ್ಲಾ(ರ)ರು ಪ್ರವಾದಿಪತ್ನಿ ಹಫ್ಸಾ(ರ)ರಿಗೆ ಬರಹ ಕಲಿಸಿದರು. ಝೈದ್ ಬಿನ್ ಸಾಬಿತ್(ರ)ರು ಪ್ರವಾದಿ(ಸ)ರ ಆಜ್ಞೆಯಂತೆ ಯಹೂದಿಗಳ ಲಿಪಿಯನ್ನು ಸುಮಾರು 15 ದಿನಗಳಲ್ಲಿ ಕಲಿತರು. ವಯಸ್ಸಾಗಲಿ, ಹೆಣ್ಣೆಂಬುದಾಗಲಿ, ಅನ್ಯರ ಲಿಪಿಯೆಂಬುದಾಗಲಿ ಆ ಸಮಾಜದಲ್ಲಿ ಕಲಿಕೆಗೆ ಅಡ್ಡಿಯಾಗಲಿಲ್ಲ.

ಈ ಪರಂಪರೆ ನಮ್ಮ ಹಾವೇರಿಯ ನೆಲಕ್ಕೂ ಹೊಸದಲ್ಲ. 1819ರಲ್ಲಿ ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದಲ್ಲಿ ಹುಟ್ಟಿದ ಶರೀಫ ಸಾಹೇಬರು ಕನ್ನಡ ಶಾಲೆಯ ಮಾಸ್ತರರಾಗಿದ್ದರು. 1956ರವರೆಗೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳು ಧಾರವಾಡ ಜಿಲ್ಲೆಯ ಭಾಗವಾಗಿ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಅದೇ ಮುಂಬಯಿ ನಗರದಲ್ಲಿ 1930ರ ದಶಕದ ಕೊನೆಯಲ್ಲಿ ಕುಲ್ಸುಮ್ ಸಯಾನಿಯವರು ಮನೆಮನೆಗೆ ತೆರಳಿ, ಪರ್ದಾದಲ್ಲಿದ್ದ ಮುಸ್ಲಿಮ್ ಸ್ತ್ರೀಯರಿಗಾಗಿ ಅಕ್ಷರ ತರಗತಿಗಳನ್ನು ಏರ್ಪಡಿಸಿದರು. ಹೊಸದಾಗಿ ಕಲಿತವರು ಓದನ್ನು ಮರೆಯದಿರಲೆಂದು 1940ರಿಂದ ಸುಮಾರು 20 ವರ್ಷ ‘ರಹಬರ್’ ಪತ್ರಿಕೆಯನ್ನು ಉರ್ದು, ನಾಗರಿ, ಗುಜರಾತಿ ಲಿಪಿಗಳಲ್ಲಿ ಹೊರತಂದರು.

1988ರಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ ಒಬ್ಬ ಸ್ವಯಂಸೇವಕನಿಗೆ ಸುಮಾರು 10 ಕಲಿಕಾರ್ಥಿಗಳೆಂಬ ಕ್ರಮವನ್ನು ಅನುಸರಿಸಿತು. ಬದ್ರ್‌ನ ಸಂಖ್ಯೆಯೂ ಅದೇ. 2022ರಿಂದ ಜಾರಿಯಲ್ಲಿರುವ ‘ಉಲ್ಲಾಸ್’ ಯೋಜನೆಯೂ 15 ವರ್ಷ ಮೀರಿದ ಅನಕ್ಷರಸ್ಥರನ್ನು ತಲುಪಲು ಸ್ವಯಂಸೇವಕರನ್ನೇ ನೆಚ್ಚಿಕೊಂಡಿದೆ. ಏಕೆಂದರೆ ಕೆಲಸ ಇನ್ನೂ ಉಳಿದಿದೆ. 2011ರ ಜನಗಣತಿಯಲ್ಲಿ ಹಾವೇರಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 77, ಸ್ತ್ರೀಯರದು ಅದಕ್ಕಿಂತಲೂ ಕಡಿಮೆ.

ಆ ಉಳಿದವರು ಯಾರು? ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ತಾಯಂದಿರು, ರಾಣೇಬೆನ್ನೂರಿನ ಬೀಜೋತ್ಪಾದನೆಯ ಹೊಲಗಳಲ್ಲಿ ದುಡಿಯುವ ಸೋದರಿಯರು, ಹಾವೇರಿಯ ಓಣಿಗಳ ಹಿರಿಯರು. ನಮ್ಮ ಮನೆಗಳಲ್ಲೇ ಎಷ್ಟೋ ಅಜ್ಜಿಯರು ಫಜ್ರ್ ಬಳಿಕ ಕುರ್‌ಆನ್ ತೆರೆದು ಓದುತ್ತಾರೆ. ಬ್ಯಾಂಕಿಗೆ ಹೋದಾಗ ಮಾತ್ರ ಹೆಬ್ಬೆಟ್ಟು ಒತ್ತುತ್ತಾರೆ. ಅವರನ್ನು ಅನಕ್ಷರಸ್ಥರೆಂದು ಕರೆಯುವ ಮೊದಲು ನಾವು ಯೋಚಿಸಬೇಕು. ಖಾಯಿದಾ ಹಿಡಿದು ಅಲಿಫ್‌ನಿಂದ ಆರಂಭಿಸಿ ಒಂದು ಲಿಪಿಯನ್ನು ಕಲಿತ ಕಣ್ಣಿಗೆ ಕನ್ನಡದ ಲಿಪಿ ಅಸಾಧ್ಯವಲ್ಲ. ಅವರಿಗೆ ಕಲಿಸುವವರು ದೊರೆಯಲಿಲ್ಲ, ಅಷ್ಟೇ.

ಇದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಮಕ್ಕಳು ಮನೆಗೆ ತೆರಳಿದ ಬಳಿಕ ಮದ್ರಸದ ಕೋಣೆ ಖಾಲಿಯಿರುತ್ತದೆ. ಜಮಾಅತ್ ಅದನ್ನು ತೆರೆದಿಡಲಿ, ದೀಪ ಮತ್ತು ಪುಸ್ತಕದ ಖರ್ಚು ವಹಿಸಲಿ. ಸ್ತ್ರೀಯರಿಗೆ ಕಾಲೇಜು ಓದಿದ ನಮ್ಮ ಹೆಣ್ಣುಮಕ್ಕಳೇ ಕಲಿಸಲಿ. ತರಗತಿಯ ವೇಳೆಯನ್ನು ಕೂಲಿಯ ವೇಳೆಗೆ ಹೊಂದಿಸಬೇಕು. ಮೆಣಸಿನಕಾಯಿಯ ಸುಗ್ಗಿಯಲ್ಲಿ ಬಾರದವರನ್ನು ಕೈಬಿಡದೆ ಸುಗ್ಗಿ ಮುಗಿದೊಡನೆ ಮತ್ತೆ ಕರೆಯಬೇಕು. ಸಹಿ ಕಲಿತೊಡನೆ ನಿಲ್ಲಿಸದೆ ಪತ್ರಿಕೆ ಓದುವವರೆಗೆ ಜೊತೆಗಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಹಿರಿಯರ ತಪ್ಪಿಗೆ ಯಾರೂ ನಗಬಾರದು.

ಬದ್ರ್‌ನ ಕೈದಿಗಳು ತಮ್ಮ ಬಿಡುಗಡೆಗಾಗಿ ಕಲಿಸಿದರು. ಸ್ವತಂತ್ರರಾಗಿರುವ ನಾವು ನಮ್ಮವರ ಬಿಡುಗಡೆಗಾಗಿ ದಿನಕ್ಕೊಂದು ಗಂಟೆ ಕೊಡಲಾರೆವೇ? ಅಲ್ಲಾಹನು ನಮಗೆ ಅದರ ಸೌಭಾಗ್ಯವನ್ನು ಕರುಣಿಸಲಿ. ಆಮೀನ್.