ಸೊಳ್ಳೆಯೂ ಸೃಷ್ಟಿನಿಯಮವೂ

ಮಲೇರಿಯಾ ಎಂಬುದಕ್ಕೆ ಇಟಲಿಯ ಭಾಷೆಯಲ್ಲಿ ಕೆಟ್ಟ ಗಾಳಿ ಎಂದರ್ಥ. ಜೌಗುನೆಲದಿಂದೇಳುವ ವಿಷವಾಯುವೇ ಚಳಿಜ್ವರಕ್ಕೆ ಮೂಲವೆಂದು ವಿದ್ವಾಂಸರೂ ಬಹುಕಾಲ ನಂಬಿದ್ದರು. ಈ ನಂಬಿಕೆ ಪೂರ್ತಿ ಹುಸಿಯಲ್ಲ. ನೀರು ನಿಂತ ಕಡೆ ಜ್ವರ ಹೆಚ್ಚೆಂಬುದು ಅನುಭವದ ಮಾತೇ. ನಮ್ಮ ಮಲೆನಾಡಿಗರು ಅದನ್ನು ಚೆನ್ನಾಗಿ ಬಲ್ಲರು. ತಪ್ಪಿದ್ದುದು ಕಾರಣ ಹೇಳುವುದರಲ್ಲಿ. ನೀರಿಗೂ ಜ್ವರಕ್ಕೂ ನಡುವೆ ಹಾರಾಡುತ್ತಿದ್ದ ಸಣ್ಣ ಜೀವಿ ಬಹುಮಂದಿಯ ಎಣಿಕೆಗೇ ಬಂದಿರಲಿಲ್ಲ.

ಈ ಕಥೆಯ ಒಂದು ಎಳೆ ನಮ್ಮ ಬೆಂಗಳೂರಿನಲ್ಲಿದೆ. 1857ರಲ್ಲಿ ಅಲ್ಮೋರದಲ್ಲಿ ಹುಟ್ಟಿದ ರೊನಾಲ್ಡ್ ರಾಸ್ 1883ರಲ್ಲಿ ಇಲ್ಲಿನ ದಂಡಿಗೆ ವೈದ್ಯನಾಗಿ ಬಂದನು. ವಾಸಕ್ಕೆ ಬಂಗಲೆಯೇನೋ ಸಿಕ್ಕಿತು. ಆದರೆ ಸೊಳ್ಳೆಗಳ ಕಾಟ ಹೇಳತೀರದು. ಹುಡುಕಿ ನೋಡಿದರೆ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಅವುಗಳ ಮರಿಹುಳುಗಳು! ತೊಟ್ಟಿಯನ್ನು ಬರಿದುಮಾಡಿದೊಡನೆ ಕಾಟ ತಗ್ಗಿತು. ಭೋಜನಶಾಲೆಯ ಹೂದಾನಿ, ಡಬ್ಬಿಗಳ ನೀರನ್ನೂ ಚೆಲ್ಲಿಸಬಹುದೆಂದು ರಾಸ್ ಮೇಲಧಿಕಾರಿಯೊಬ್ಬನಿಗೆ ಸೂಚಿಸಿದನು. ಆತ ಒಪ್ಪಲಿಲ್ಲ. ಸೊಳ್ಳೆಗಳನ್ನು ಏನೋ ಉದ್ದೇಶದಿಂದಲೇ ಸೃಷ್ಟಿಸಿದೆ, ಸೃಷ್ಟಿನಿಯಮಕ್ಕೆ ಅಡ್ಡಿಮಾಡದೆ ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯ ಎಂದನಂತೆ! ಹಾಗಾದರೆ ತಿಗಣೆ ಚಿಗಟಗಳನ್ನೂ ಹೊತ್ತು ತಿರುಗಬೇಕಲ್ಲ ಎಂಬ ರಾಸನ ವಾದ ಅಲ್ಲಿ ನಡೆಯಲಿಲ್ಲ. ಇದನ್ನು ಅವನೇ ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾನೆ.

ಆಗ ರಾಸನಿಗೆ ಸೊಳ್ಳೆಯೆಂದರೆ ನಿದ್ದೆಗೆಡಿಸುವ ಪೀಡೆ, ಅಷ್ಟೆ. ಮಲೇರಿಯಾ ರೋಗಿಯ ರಕ್ತದಲ್ಲಿ ಒಂದು ಸೂಕ್ಷ್ಮಜೀವಿ ಇರುವುದನ್ನು ಫ್ರೆಂಚ್ ವೈದ್ಯ ಲಾವೆರಾನ್ 1880ರಲ್ಲಿಯೇ ಅಲ್ಜೀರಿಯದಲ್ಲಿ ಕಂಡಿದ್ದನು. ಆದರೆ ಅದು ಒಬ್ಬರಿಂದ ಒಬ್ಬರಿಗೆ ಹೋಗುವ ದಾರಿ ಯಾವುದು? ಸೊಳ್ಳೆಯೇ ಇರಬಹುದೆಂಬ ಊಹೆಯನ್ನು 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ರಾಸನ ಮನಸ್ಸಿನಲ್ಲಿ ಬಿತ್ತಿದನು. ಭಾರತಕ್ಕೆ ಹಿಂದಿರುಗಿದ ರಾಸ್, ಹುಸೇನ್ ಖಾನ್ ಎಂಬ ರೋಗಿಗೆ ಕಡಿತವೊಂದಕ್ಕೆ ಒಂದಾಣೆಯಂತೆ ಕೊಟ್ಟು ಸೊಳ್ಳೆಗಳಿಂದ ಕಚ್ಚಿಸಿದನು. ಅವುಗಳನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿದನು. 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ, ಒಂದು ಸೊಳ್ಳೆಯ ಜಠರದ ಗೋಡೆಯಲ್ಲಿ ಆ ಜೀವಿಯ ಗುರುತು ಸಿಕ್ಕಿತು.

ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಅಭ್ಯಾಸಮಾಡಿ ಉಳಿದ ದಾರಿಯನ್ನೂ ಕಂಡುಕೊಂಡನು. ಜಠರದಲ್ಲಿ ಬೆಳೆದ ಜೀವಿ ಒಡೆದು ನೂರಾರು ಮರಿಗಳಾಗಿ ಸೊಳ್ಳೆಯ ಜೊಲ್ಲಿನ ಗ್ರಂಥಿಯನ್ನು ಸೇರುತ್ತದೆ. ಮುಂದಿನ ಕಡಿತದಲ್ಲಿ ಜೊಲ್ಲಿನೊಡನೆ ಮೈಹೊಗುತ್ತದೆ. ಮನುಷ್ಯರಿಗೆ ರೋಗ ಹರಡುವುದು ಅನಾಫಿಲಿಸ್ ಜಾತಿಯ ಸೊಳ್ಳೆಯೆಂದು ಅದೇ 1898ರಲ್ಲಿ ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ಸ್ಥಾಪಿಸಿದರು. 1902ರ ನೊಬೆಲ್ ಬಹುಮಾನ ಬಂದದ್ದು ರಾಸ್ ಒಬ್ಬನಿಗೇ. ಅವರಿಬ್ಬರ ಜಗಳ ಅದರಿಂದ ತಣಿಯಲಿಲ್ಲ.

ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದದ್ದು ಒಂದುಂಟು. ಕಚ್ಚುವುದು ಹೆಣ್ಣುಸೊಳ್ಳೆ ಮಾತ್ರ. ಮೊಟ್ಟೆ ಬೆಳೆಯಲು ಅದಕ್ಕೆ ರಕ್ತ ಬೇಕು. ಮೊಟ್ಟೆ, ಮರಿಹುಳು, ಕೋಶ ಎಂಬ ಮೂರು ಅವಸ್ಥೆಗಳೂ ಕಳೆಯುವುದು ನೀರಿನಲ್ಲಿ. ನಮ್ಮ ಹವೆಯಲ್ಲಿ ರೆಕ್ಕೆ ಮೂಡಲು ಒಂದು ವಾರ, ಹತ್ತು ದಿನ ಸಾಕು. ಆದುದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸರಪಳಿ ಮಧ್ಯದಲ್ಲೇ ತುಂಡಾಗುತ್ತದೆ. ಡೆಂಗೆ ಹರಡುವ ಈಡಿಸ್ ಸೊಳ್ಳೆಯಂತೂ ಮನೆಯ ತಿಳಿನೀರಿನಲ್ಲೇ, ಹೂಕುಂಡದ ತಟ್ಟೆಯಲ್ಲೇ, ತೆಂಗಿನ ಚಿಪ್ಪಿನಲ್ಲೇ ಸಂಸಾರ ಹೂಡುತ್ತದೆ.

ಡಿ.ಡಿ.ಟಿ.ಯನ್ನು ತಾಳಿಕೊಳ್ಳುವುದನ್ನು ಸೊಳ್ಳೆಗಳು ಕಲಿತವು. ಬರಿದಾದ ತೊಟ್ಟಿಯಲ್ಲಿ ಬದುಕುವುದನ್ನು ಕಲಿತಿಲ್ಲ. ಅಂದಿನ ಅಧಿಕಾರಿ ಸೃಷ್ಟಿನಿಯಮದ ಮೇಲೆ ಹೊರಿಸಿದ ಭಾರವನ್ನು ಇಂದು ನಾವು ಕಾರ್ಪೊರೇಷನ್ನಿನ ಮೇಲೆ ಹೊರಿಸುತ್ತೇವೆ. ತೊಟ್ಟಿ ಮಾತ್ರ ನಮ್ಮ ಹಿತ್ತಲಲ್ಲೇ ಇದೆ.