ಅಗೆದ ರಸ್ತೆಯ ಹಳೆಯ ಕತೆ

ದಾವಣಗೆರೆಯ ವಿನೋಬನಗರಕ್ಕೆ ಹೆಸರು ಕೊಟ್ಟದ್ದು ನಡೆದೇ ದೇಶ ಸುತ್ತಿದ ಒಬ್ಬ ಮನುಷ್ಯ. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ನೂರು ಎಕರೆ ಜಮೀನನ್ನು ದಾನವಾಗಿ ಪಡೆದ ವಿನೋಬಾ ಭಾವೆಯವರು ಅಲ್ಲಿಂದ ಹದಿಮೂರು ವರ್ಷಗಳ ಕಾಲ ಊರಿಂದೂರಿಗೆ ಕಾಲ್ನಡಿಗೆಯಲ್ಲಿ ಅಲೆದರು. 1957ರಲ್ಲಿ ಅವರು ಕರ್ನಾಟಕದಲ್ಲಿದ್ದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಮೈಸೂರು ಬಳಿಯ ಯಲವಾಲದಲ್ಲಿ ನಡೆದ ಗ್ರಾಮದಾನ ಸಮ್ಮೇಳನಕ್ಕೆ ಪ್ರಧಾನಿ ನೆಹರೂ ಅವರೂ ಬಂದಿದ್ದರು. ಬೆಳಗಾಗುವ ಮುನ್ನವೇ ನಡಿಗೆ ಶುರು ಮಾಡಿ, ಬಿಸಿಲೇರುವ ಹೊತ್ತಿಗೆ ಮುಂದಿನ ಊರು ಸೇರುವುದು ವಿನೋಬಾ ಅವರ ಪದ್ಧತಿ.

ಅಂಥವರ ಹೆಸರು ಹೊತ್ತ ಬಡಾವಣೆಯ ಜನ ಮನೆ ಮುಂದಿನ ಬೀದಿಯಲ್ಲಿ ನಡೆಯಲು ಪರದಾಡಬೇಕಾಗಿ ಬಂದರೆ ಅದು ವಿಪರ್ಯಾಸವೇ ಸರಿ. ವಿನೋಬನಗರವೊಂದೇ ಅಲ್ಲ, ದಾವಣಗೆರೆ ಮತ್ತು ಹರಿಹರದ ಬಹುತೇಕ ಬಡಾವಣೆಗಳಿಗೆ ಕಳೆದ ಹತ್ತು ವರ್ಷಗಳಲ್ಲಿ ಈ ಅನುಭವ ಆಗಿದೆ. ಬೆಳಿಗ್ಗೆ ಎದ್ದರೆ ಬಾಗಿಲಲ್ಲೇ ಆಳುದ್ದದ ಕಾಲುವೆ, ಅದರ ಮೇಲೊಂದು ಹಲಗೆ. ಹಲಗೆಯ ಮೇಲೆ ಅಜ್ಜಿಯ ಕೈ ಹಿಡಿದು ದಾಟಿಸುವ ಮೊಮ್ಮಗ. ಶಾಲೆಯ ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹವಾಯಿ ಚಪ್ಪಲಿಯಲ್ಲಿ ಮುಖ್ಯರಸ್ತೆಯವರೆಗೆ ನಡೆಯುವ ಮಕ್ಕಳು. ದೂಳು ತಡೆಯಲು ಬಾಗಿಲಿಗೆ ಒದ್ದೆ ಸೀರೆ ಕಟ್ಟುವ ತಾಯಂದಿರು. ದಿನಕ್ಕೆ ನಾಲ್ಕು ಸಲ ಅಂಗಡಿ ಮುಂದೆ ನೀರು ಚಿಮುಕಿಸಿ ಬಾರದ ಗಿರಾಕಿಗೆ ಕಾಯುವ ಅಂಗಡಿಯವರು. ‘ಒಳಗೆ ಬರೋದಿಲ್ಲ ಸಾರ್, ಇಲ್ಲೇ ಇಳೀರಿ’ ಎಂದು ತಿರುವಿನಲ್ಲೇ ನಿಲ್ಲಿಸುವ ಆಟೋದವರು.

ಇದನ್ನು ನಾವು ಈಗಿನ ಕಾಲದ ಪೀಡೆ ಎಂದೇ ಭಾವಿಸುತ್ತೇವೆ. ಆದರೆ ದಾರಿಯ ಸಂಕಟಕ್ಕೆ ಈ ಸೀಮೆಯಲ್ಲಿ ಹಳೆಯ ಚರಿತ್ರೆ ಉಂಟು. ಅದನ್ನು ತಿಳಿದರೆ ಗುಂಡಿ ಮುಚ್ಚುವುದಿಲ್ಲ ನಿಜ. ಗುಂಡಿ ಏಕೆ ಮತ್ತೆ ಮತ್ತೆ ಬಾಯಿ ತೆರೆಯುತ್ತದೆ ಎಂಬುದಾದರೂ ತಿಳಿದೀತು.

ದಾರಿಯಿಂದಲೇ ಬೆಳೆದ ಊರು

ದಾವಣಗೆರೆ ಮೊದಲು ಬೇತೂರಿನ ಪಕ್ಕದ ಒಂದು ಸಣ್ಣ ಹಳ್ಳಿ. ಹೈದರಾಲಿ ಇದನ್ನು ಆಪೋಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವ್ಯಾಪಾರಿಗಳನ್ನು ಕರೆಸಿ ನೆಲೆಗೊಳಿಸಿದ. ಆತನಿಗೆ ವಾರಸುದಾರರಿರಲಿಲ್ಲವಾದರೂ ಊರಿನ ವ್ಯಾಪಾರ ನಿಲ್ಲಲಿಲ್ಲ. ಮಲೆನಾಡಿನ ಅಡಕೆ, ಮೆಣಸು ಇಲ್ಲಿ ಹಾದು ಬಯಲುಸೀಮೆಗೂ ಅದರಾಚೆಗೂ ಹೋಗುತ್ತಿದ್ದವು. ಇಲ್ಲಿಯ ಕಂಬಳಿಗೆ ದೂರದೂರಿನಲ್ಲಿ ಹೆಸರಿತ್ತು. ಬಹಳ ನಯವಾದ ಕಂಬಳಿಗಳು ಇನ್ನೂರು, ಮುನ್ನೂರು ರೂಪಾಯಿಗೆ ಮಾರಿದ್ದುಂಟು ಎಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ.

ಈ ವ್ಯಾಪಾರವೆಲ್ಲ ಸಾಗುತ್ತಿದ್ದುದು ಹೇರೆತ್ತುಗಳ ಬೆನ್ನ ಮೇಲೆ. ಆಗ ರಸ್ತೆ ಎಂದರೆ ಕಾಲುದಾರಿ ಅಥವಾ ಬಂಡಿಜಾಡು, ಅಷ್ಟೆ. ಎರೆಮಣ್ಣಿನ ನೆಲದಲ್ಲಿ ಮಳೆ ಬಿದ್ದರೆ ಗಾಡಿಯ ಗಾಲಿ ಹೂತುಹೋಗುತ್ತಿತ್ತು. ಆದ್ದರಿಂದ ಮಳೆಗಾಲ ಕಳೆದ ಮೇಲೆಯೇ ದೊಡ್ಡ ಪ್ರಯಾಣ. ಹರಿಹರದಲ್ಲಿ ತುಂಗಭದ್ರೆ ತುಂಬಿ ಹರಿದರೆ ಹರಿಗೋಲೇ ಗತಿ. ನೆರೆ ಹೆಚ್ಚಿದರೆ ಅದೂ ಇಲ್ಲ, ದಂಡೆಯಲ್ಲಿ ಕಾದು ಕೂರಬೇಕು. ಆ ಕಾಲದವರಿಗೆ ‘ರಸ್ತೆ ಬಂದ್’ ಎಂಬುದು ವರ್ಷಕ್ಕೆ ನಾಲ್ಕು ತಿಂಗಳ ಸಂಗತಿ. ಅದಕ್ಕೆ ತಕ್ಕಂತೆ ಜಾತ್ರೆ, ಮದುವೆ, ಸಂತೆ ಎಲ್ಲವನ್ನೂ ಅವರು ಹೊಂದಿಸಿಕೊಂಡಿದ್ದರು. ಮುಂಗಾರು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಈಗಿನ ಕಾಮಗಾರಿಗೆ ಇಲ್ಲದಿರುವುದು ಆ ನಿಶ್ಚಿತತೆಯೇ.

ಕಲ್ಲಿನ ರಸ್ತೆ, ಕಮಾನಿನ ಸೇತುವೆ

1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರ ಕಾಲದಲ್ಲಿ ಸಂಸ್ಥಾನದ ರಸ್ತೆಗಳು ಒಂದು ರೂಪಕ್ಕೆ ಬಂದವು. ಲೋಕೋಪಯೋಗಿ ಇಲಾಖೆ ಆರಂಭವಾದ 1856ರ ಹೊತ್ತಿಗೆ ಸುಮಾರು 1,600 ಮೈಲಿ ರಸ್ತೆ, ಮುನ್ನೂರಕ್ಕೂ ಹೆಚ್ಚು ಸೇತುವೆಗಳು ಆಗಿದ್ದವು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯಲ್ಲಿ ಉಳಿದಿದ್ದ ದೊಡ್ಡ ತೊಡಕು ಹರಿಹರದ ಹೊಳೆ. ಹೊಳೆಯ ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬಯಿ ಪ್ರಾಂತ. 1868ರಲ್ಲಿ ಅಲ್ಲಿ ಕಲ್ಲು ಮತ್ತು ಇಟ್ಟಿಗೆಯ ಸೇತುವೆ ಮುಗಿಯಿತು. ತಲಾ 60 ಅಡಿ ಅಗಲದ 14 ಕಮಾನುಗಳು, ಖರ್ಚು ಹತ್ತಿರ ಹತ್ತಿರ ಮೂರು ಲಕ್ಷ ರೂಪಾಯಿ. ದಾವಣಗೆರೆಯ ಜನ ಇಂದಿಗೂ ‘ಪಿ.ಬಿ. ರಸ್ತೆ’ ಎನ್ನುವ ಪುಣೆ–ಬೆಂಗಳೂರು ರಸ್ತೆಯ ಮೂಲ ಇದೇ ಹಳೆಯ ಹೆದ್ದಾರಿ.

ಆ ಕಾಲದ ರಸ್ತೆ ಮಾಡುವ ಕ್ರಮ ಸ್ಕಾಟ್ಲೆಂಡಿನ ಜಾನ್ ಮೆಕಾಡಮ್ ಎಂಬಾತನದು. ದೊಡ್ಡ ಬಂಡೆ ಹಾಸುವುದು ಬೇಡ, ಸಣ್ಣ ಜಲ್ಲಿ ಸಾಕು ಎಂದು ಆತ ಹೇಳಿದ. ಒಂದೊಂದು ಜಲ್ಲಿಯೂ ಆರು ಔನ್ಸ್, ಅಂದರೆ ಸುಮಾರು 170 ಗ್ರಾಂ ಮೀರಬಾರದು ಎಂಬುದು ಅವನ ಲೆಕ್ಕ. ಅದಕ್ಕಿಂತ ಮುಖ್ಯವಾದದ್ದು ಅವನ ಇನ್ನೊಂದು ಮಾತು. ಭಾರ ಹೊರುವುದು ಕೆಳಗಿನ ನೆಲವೇ ಹೊರತು ಮೇಲಿನ ಕಲ್ಲಲ್ಲ, ಆ ನೆಲ ಒಣಗಿದ್ದರೆ ಎಷ್ಟು ಭಾರವನ್ನಾದರೂ ಹೊರುತ್ತದೆ. ಕಲ್ಲಿನ ಹೊದಿಕೆ ಇರುವುದು ನೆಲಕ್ಕೆ ನೀರಿಳಿಯದಂತೆ ಕಾಪಾಡಲು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ರಸ್ತೆ ಕೆಲಸ ಜನರಿಗೆ ಶಾಪವಾಗಿರದೆ ಜೀವದಾನವಾಗಿದ್ದ ಕಾಲವೂ ಇತ್ತು. 1876–78ರ ಮಹಾ ಬರಗಾಲದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷದಿಂದ 42 ಲಕ್ಷಕ್ಕೆ ಕುಸಿಯಿತು. ಆಗ ಪರಿಹಾರ ಕಾಮಗಾರಿ ಎಂದರೆ ಹೆಚ್ಚಾಗಿ ಜಲ್ಲಿ ಒಡೆಯುವುದು, ಮಣ್ಣು ಹೊರುವುದು. ಹಸಿದವರು ರಸ್ತೆ ಬದಿಯಲ್ಲಿ ಕೂತು ಕಲ್ಲು ಕುಟ್ಟಿ ಅಂದಿನ ಗಂಜಿ ಸಂಪಾದಿಸಿದರು. ನಾವು ಬೈಯುತ್ತ ದಾಟುವ ಹಳೆಯ ರಸ್ತೆಗಳ ಅಡಿಯಲ್ಲಿ ಅಂಥವರ ಬೆವರೂ ಇದೆ.

1880ರ ದಶಕದಲ್ಲಿ ರೈಲು ಬಂತು. ಅದರೊಂದಿಗೆ ಕಾಯುವ ಇನ್ನೊಂದು ಬಗೆಯೂ ಬಂತು. ದಾವಣಗೆರೆಯ ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ ಸೈಕಲ್ ಹಿಡಿದು ನಿಂತ ನೆನಪಿಲ್ಲದ ಹಳಬರು ಕಡಿಮೆ. ಹತ್ತಿ ಗಿರಣಿಗಳು ನಡೆಯುತ್ತಿದ್ದ ದಿನಗಳಲ್ಲಿ ಪಾಳಿಯ ಹೊತ್ತಿಗೆ, ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಡೆಯುತ್ತಿದ್ದಷ್ಟು ಕಾಲ ಅದರ ಪಾಳಿಯ ಹೊತ್ತಿಗೆ, ಎರಡೂ ಊರುಗಳ ಬೀದಿಗಳಲ್ಲಿ ಸೈಕಲ್ಲುಗಳದೇ ಸಾಲು. ಎರಡು ಊರುಗಳ ನಡುವಿನ ಹದಿನಾಲ್ಕು ಕಿ.ಮೀ. ದಾರಿ ಸಾವಿರಾರು ಸಂಸಾರಗಳ ಅನ್ನದ ದಾರಿ. ಗಿರಣಿಗಳು, ಆ ಕಾರ್ಖಾನೆ ಬಾಗಿಲು ಮುಚ್ಚಿದರೂ ಕಾಲೇಜಿಗೆ, ಆಸ್ಪತ್ರೆಗೆ, ಕಚೇರಿಗೆ, ವ್ಯಾಪಾರಕ್ಕೆ ಓಡಾಡುವವರ ಸಂಖ್ಯೆ ಬೆಳೆಯುತ್ತಲೇ ಬಂದಿದೆ. ಇಲ್ಲಿ ಅರ್ಧ ಗಂಟೆ ತಡವಾದರೆ ಕೆಲವರಿಗೆ ಅರ್ಧ ದಿನದ ಕೂಲಿಯೇ ಹೋಗುತ್ತದೆ.

ದಾರಿ ಮುಚ್ಚಳವಾದ ಬಗೆ

ಹಳೆಯ ರಸ್ತೆಗೆ ಒಂದೇ ಕೆಲಸ, ಜನರನ್ನೂ ಗಾಡಿಯನ್ನೂ ಹೊರುವುದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅದಕ್ಕೆ ಎರಡನೆಯ ಕೆಲಸ ಅಂಟಿಕೊಂಡಿತು. ನೀರು, ಕೊಳಚೆ, ಅನಿಲ, ತಂತಿ ಎಲ್ಲವನ್ನೂ ರಸ್ತೆಯ ಹೊಟ್ಟೆಯಲ್ಲಿ ಹುದುಗಿಸಲಾಯಿತು. ರಸ್ತೆ ದೊಡ್ಡ ಪೆಟ್ಟಿಗೆಯೊಂದರ ಮುಚ್ಚಳವಾಯಿತು.

ಲಂಡನ್ನಿನ ಜನ ಇದನ್ನು ಮೊದಲು ಅನುಭವಿಸಿದರು. 1858ರ ಬೇಸಗೆಯಲ್ಲಿ ಥೇಮ್ಸ್ ನದಿ ತಾಳಲಾರದಷ್ಟು ನಾರಿದಾಗ ಜೋಸೆಫ್ ಬಝಲ್ಗೆಟ್ ಎಂಬ ಎಂಜಿನಿಯರರ ಯೋಜನೆಯಂತೆ ಊರಿನಡಿ ಒಳಚರಂಡಿಯ ಜಾಲವನ್ನೇ ಕಟ್ಟಿದರು. ಅದೇ ಕಾಲಕ್ಕೆ ಜಗತ್ತಿನ ಮೊದಲ ನೆಲದಡಿಯ ರೈಲಿಗಾಗಿ ಬೀದಿಗಳನ್ನು ಉದ್ದಕ್ಕೂ ಸೀಳಿದರು. ಅದು ಓಡಿದ್ದು 1863ರ ಜನವರಿಯಲ್ಲಿ. ಅಲ್ಲಿಯವರೆಗೆ ಆ ಬೀದಿಗಳ ಜನ ಪಟ್ಟ ಪಾಡು ವಿನೋಬನಗರದವರಿಗೆ ಸುಲಭವಾಗಿ ಅರ್ಥವಾದೀತು.

ಆದರೆ ಅವರು ಒಂದು ಪಾಠ ಕಲಿತರು. 1869ರಲ್ಲಿ ತೆರೆದ ಹೋಬರ್ನ್ ಮೇಲ್ಸೇತುವೆಯ ಒಡಲಲ್ಲಿ ಕೊಳವೆಗಳಿಗಾಗಿಯೇ ಮನುಷ್ಯ ಓಡಾಡಬಹುದಾದ ಸುರಂಗ ಬಿಟ್ಟರು. ಪ್ಯಾರಿಸ್ಸಿನಲ್ಲಿ ದೊಡ್ಡ ಒಳಚರಂಡಿಯ ಮೇಲ್ಗೋಡೆಗೇ ಕುಡಿಯುವ ನೀರಿನ ಕೊಳವೆಗಳನ್ನು ತೂಗುಹಾಕಿದರು, ಆಮೇಲೆ ತಂತಿಗಳನ್ನೂ ಅಲ್ಲೇ ಎಳೆದರು. ಕೊಳವೆ ಕೆಟ್ಟರೆ ಕೆಲಸಗಾರ ಒಳಗೆ ಇಳಿದು ಸರಿಪಡಿಸುತ್ತಾನೆ, ಬೀದಿಯನ್ನು ಮುಟ್ಟಬೇಕಾಗಿಲ್ಲ.

ನಮ್ಮಲ್ಲಿ ಆದದ್ದು ಬೇರೆ. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸ್ಮಾರ್ಟ್ ಸಿಟಿಗಳ ಮೊದಲ ಇಪ್ಪತ್ತರ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಳಗಾವಿ ಮತ್ತು ದಾವಣಗೆರೆ ಎರಡೂ ಇದ್ದವು. ಊರಿಗೆ ಅದು ಹೆಮ್ಮೆಯ ಸುದ್ದಿ. ರಸ್ತೆ, ಚರಂಡಿ, ಪಾದಚಾರಿ ಮಾರ್ಗದ ಕೆಲಸಗಳು ಶುರುವಾದವು. ಇತ್ತ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ದಾವಣಗೆರೆ, ಹರಿಹರ, ರಾಣೇಬೆನ್ನೂರು, ಬ್ಯಾಡಗಿಗಳಲ್ಲಿ ನೀರಿನ ಯೋಜನೆ ನಡೆಯಿತು. ದಿನದ 24 ಗಂಟೆ ನೀರು ಕೊಡುವ ಈ ಯೋಜನೆಯನ್ನು ಜನ ‘ಜಲಸಿರಿ’ ಎಂದೇ ಬಲ್ಲರು. ಜೊತೆಗೆ ಒಳಚರಂಡಿ, ನೆಲದಡಿಯ ವಿದ್ಯುತ್ ತಂತಿ, ದೂರವಾಣಿಯ ಕೇಬಲ್, ಅಡುಗೆ ಅನಿಲದ ಕೊಳವೆ. ಊರ ಹೊರಗೆ ಹೆದ್ದಾರಿಯನ್ನು ಆರು ಪಥಕ್ಕೆ ಅಗಲಿಸುವ ಕೆಲಸ ಬೇರೆ. ಒಂದೊಂದೂ ಬೇಕಾದ ಕೆಲಸವೇ. ಬೇಸಗೆಯಲ್ಲಿ ನಾಲ್ಕಾರು ದಿನಕ್ಕೊಮ್ಮೆ ಬರುವ ನೀರಿಗೆ ಕೊಡ ಹಿಡಿದು ಕಾದ ಯಾವ ಹೆಣ್ಣುಮಗಳೂ ಕೊಳವೆ ಬೇಡ ಎನ್ನಲಾರಳು. ಆದರೆ ಒಂದೊಂದಕ್ಕೂ ಬೇರೆ ಯಜಮಾನ, ಬೇರೆ ಹಣ, ಬೇರೆ ಗುತ್ತಿಗೆ, ಬೇರೆ ಗಡುವು. ಪೆಟ್ಟಿಗೆ ಒಂದು, ಕೀಲಿಕೈ ಆರು.

ಮುಚ್ಚಿದ ಗುಂಡಿ ಮತ್ತೆ ಕುಸಿಯುವುದೇಕೆ?

ಇಲ್ಲಿ ಮೆಕಾಡಮ್ಮನ ಮಾತು ನೆನಪಿಗೆ ಬರಬೇಕು. ಅಗೆದ ಮಣ್ಣು ಹಳೆಯ ನೆಲದಷ್ಟು ಗಟ್ಟಿಯಾಗಿರುವುದಿಲ್ಲ. ಅದನ್ನು ತುಂಬುವಾಗ ಪದರ ಪದರವಾಗಿ ಹಾಕಿ, ತಕ್ಕಷ್ಟು ನೀರು ಹಾಯಿಸಿ, ಪ್ರತಿ ಪದರವನ್ನೂ ದಮ್ಮಸ್ಸು ಮಾಡಬೇಕು. ಜೆ.ಸಿ.ಬಿ.ಯಿಂದ ಒಂದೇ ಸಲ ನೂಕಿ ಮೇಲೆ ಜಲ್ಲಿ ಹರಡಿದರೆ ನಡುವೆ ಪೊಳ್ಳು ಉಳಿಯುತ್ತದೆ. ಮೊದಲ ಮಳೆಗೆ ನೀರು ಆ ಪೊಳ್ಳಿಗೆ ಇಳಿಯುತ್ತದೆ, ಮಣ್ಣು ಕೂರುತ್ತದೆ, ಮೇಲಿನ ಡಾಂಬರು ಬಾಯಿ ಬಿಡುತ್ತದೆ. ಎರೆಮಣ್ಣಿದ್ದರಂತೂ ಕೇಳುವುದೇ ಬೇಡ. ನೀರು ಕುಡಿದರೆ ಅದು ಉಬ್ಬುತ್ತದೆ, ಒಣಗಿದರೆ ಸೀಳುತ್ತದೆ. ಹೀಗಾಗಿ ಕಾಮಗಾರಿ ಮುಗಿಯಿತು ಎಂದ ಮೇಲೂ ಜನರ ಪಾಲಿಗೆ ಎರಡು ಮಳೆಗಾಲ ಮುಗಿದಿರುವುದಿಲ್ಲ.

ಪರಿಹಾರ ತಿಳಿಯದ ವಿಷಯವೇನಲ್ಲ. 1934ರಲ್ಲಿ ಸ್ಥಾಪನೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್, ನಗರದ ರಸ್ತೆಗಳಲ್ಲಿ ಕೊಳವೆ ತಂತಿಗಳು ಎಲ್ಲಿರಬೇಕು ಎಂಬುದಕ್ಕೇ ಒಂದು ಮಾರ್ಗಸೂಚಿ ಹೊರತಂದಿದೆ. ಬೆಂಗಳೂರಿನ ವಿಠಲ ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆ ಮೊದಲಾದ ಕಡೆ ‘ಟೆಂಡರ್ ಶ್ಯೂರ್’ ಹೆಸರಿನಲ್ಲಿ ಪಾದಚಾರಿ ಮಾರ್ಗದ ಕೆಳಗೇ ಕೊಳವೆಗಳಿಗೆ ಜಾಗ ಮಾಡಿದರು. ಆ ಕೆಲಸ ನಡೆಯುವಾಗ ಜನ ಬಹಳ ಬೈದರು. ಆದರೆ ಮುಂದೆ ತಂತಿ ಎಳೆಯಲು ರಸ್ತೆಯ ನಡುವನ್ನು ಕಡಿಯಬೇಕಾದ ಕಾರಣ ಅಲ್ಲಿ ತಪ್ಪಿತು.

ಸಹಿಸುವವರ ಲೆಕ್ಕ

ಇನ್ನೊಂದು ಪ್ರಶ್ನೆ ಇದೆ. ಪೂರ್ತಿ ಮುಚ್ಚಿ ಬೇಗ ಮುಗಿಸುವುದು ಮೇಲೋ, ಅರ್ಧ ತೆರೆದಿಟ್ಟು ನಿಧಾನವಾಗಿ ಮುಗಿಸುವುದು ಮೇಲೋ? ಶಿರಾಡಿ ಘಾಟಿಯ ಕಾಂಕ್ರೀಟ್ ಕೆಲಸಕ್ಕಾಗಿ 2015ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ತಿಂಗಳುಗಟ್ಟಲೆ ರಸ್ತೆಯನ್ನೇ ಮುಚ್ಚಿದರು. ಜನ ಚಾರ್ಮಾಡಿ, ಸಂಪಾಜೆ ಸುತ್ತಿಕೊಂಡು ಹೋದರು. ಕಷ್ಟವಾಯಿತು, ಆದರೆ ಅದಕ್ಕೊಂದು ತಾರೀಕಿತ್ತು. ಹುಬ್ಬಳ್ಳಿ–ಧಾರವಾಡ ನಡುವಿನ ಬಿ.ಆರ್.ಟಿ.ಎಸ್. ಬಸ್ ಮಾರ್ಗದ್ದು ಇನ್ನೊಂದು ರೀತಿ. ಸುಮಾರು 22 ಕಿ.ಮೀ. ಉದ್ದದ ಆ ರಸ್ತೆಯಲ್ಲಿ ಸಂಚಾರವೂ ನಡೆಯಿತು, ಕೆಲಸವೂ ನಡೆಯಿತು. ವರ್ಷಗಳೇ ಹಿಡಿದವು. ‘ಚಿಗರಿ’ ಬಸ್ಸುಗಳು ಪ್ರಯೋಗಾರ್ಥ ಓಡಿದ್ದು 2018ರ ಅಕ್ಟೋಬರಿನಲ್ಲಿ, ವಿಧಿವತ್ತಾಗಿ ಉದ್ಘಾಟನೆಯಾದದ್ದು 2020ರ ಫೆಬ್ರವರಿಯಲ್ಲಿ.

ಎರಡರಲ್ಲಿ ಯಾವುದು ಸರಿ ಎಂಬುದು ಆಯಾ ರಸ್ತೆಯನ್ನು ನೋಡಿ ಹೇಳಬೇಕಾದ ಮಾತು. ಘಾಟಿಯಲ್ಲಿ ಮನೆಬಾಗಿಲುಗಳಿಲ್ಲ, ಬಡಾವಣೆಯಲ್ಲಿ ಇವೆ. ಆದರೆ ಒಂದಂತೂ ನಿಜ. ಮನುಷ್ಯ ಕಷ್ಟಕ್ಕೆ ಒಗ್ಗುತ್ತಾನೆ, ಕೊನೆ ಗೊತ್ತಿಲ್ಲದ ಕಷ್ಟಕ್ಕೆ ಒಗ್ಗುವುದಿಲ್ಲ. ಹರಿಹರದ ದಂಡೆಯಲ್ಲಿ ಹರಿಗೋಲಿಗೆ ಕಾದವನಿಗೆ ನೆರೆ ಇಳಿಯುತ್ತದೆ ಎಂಬ ಭರವಸೆ ಇತ್ತು. ಬೀದಿ ಅಗೆಯುವ ಮುನ್ನ ತಿರುವಿನಲ್ಲಿ ಒಂದು ಹಲಗೆ ನಿಲ್ಲಿಸಿ, ಯಾವ ಕೊಳವೆ, ಯಾರ ಕೆಲಸ, ಯಾವ ತಾರೀಕಿಗೆ ಮುಚ್ಚುತ್ತಾರೆ ಎಂದು ಕನ್ನಡದಲ್ಲಿ ಬರೆದರೆ ಅರ್ಧ ಸಿಟ್ಟು ಇಳಿಯುತ್ತದೆ. ಮುಚ್ಚಿದ ಮೇಲೆ ನೆಲದಡಿ ಏನೇನು ಎಷ್ಟು ಆಳದಲ್ಲಿದೆ ಎಂಬ ನಕ್ಷೆಯನ್ನು ವಾರ್ಡಿನ ಕಚೇರಿಯಲ್ಲಿ ತೂಗುಹಾಕಿದರೆ ಮುಂದಿನವನು ಕುರುಡಾಗಿ ಅಗೆದು ಇದ್ದ ನೀರಿನ ಕೊಳವೆಯನ್ನೂ ಒಡೆಯುವುದು ತಪ್ಪುತ್ತದೆ. ಎರಡಕ್ಕೂ ಬೇಕಾದ ಖರ್ಚು ಒಂದು ಮಳೆಗಾಲದ ಗುಂಡಿ ಮುಚ್ಚುವ ಖರ್ಚಿನ ಮುಂದೆ ಏನೂ ಅಲ್ಲ.

ಅಲ್ಲಿಯವರೆಗೆ ಜನ ತಮ್ಮ ದಾರಿಯನ್ನು ತಾವೇ ಕಂಡುಕೊಳ್ಳುತ್ತಾರೆ. ಯಾವ ಅಡ್ಡರಸ್ತೆ ಇಂದು ತೆರೆದಿದೆ ಎಂದು ಹಾಲಿನವನನ್ನು ಕೇಳಿ ತಿಳಿಯುತ್ತಾರೆ. ಪಕ್ಕದ ಮನೆಯವರ ಸ್ಕೂಟರಿನಲ್ಲಿ ಒಬ್ಬರನ್ನು ಕೂರಿಸಿ ಕಳಿಸುತ್ತಾರೆ. ಹರಿಹರದ ಬಸ್ಸು ತಪ್ಪಬಾರದೆಂದು ಒಂದು ಗಂಟೆ ಮೊದಲೇ ಏಳುತ್ತಾರೆ. ವಿನೋಬಾ ಅವರೂ ಬೆಳಗಿನ ಜಾವಕ್ಕೇ ಹೊರಡುತ್ತಿದ್ದರು. ಅವರದು ತಾವಾಗಿ ಹಿಡಿದ ವ್ರತ, ಅವರ ಹೆಸರಿನ ನಗರದವರದು ಬೇರೆ ದಾರಿ ಕಾಣದ ಅನಿವಾರ್ಯತೆ.