ಹುಸೇನಪ್ಪನನ್ನ ಯಾವ ಕಿಟಕಿಯಲ್ಲಿ ಕೂರಿಸೋದು?

ರಾಯಚೂರು ಜಿಲ್ಲೆಯ ಬಾಗಲವಾಡ, ಮಾನ್ವಿ, ದೇವದುರ್ಗದ ಕಡೆ ಹೋಗಿ ಹೆಸರು ಕೇಳಿ ನೋಡಿ. ಹುಸೇನಪ್ಪ, ಫಕೀರಪ್ಪ, ಮೌಲಪ್ಪ, ಹುಸೇನಮ್ಮ. ಇವರೆಲ್ಲ ಮುಸ್ಲಿಮರಾ? ಅಲ್ಲ ಸ್ವಾಮಿ! ಕುರುಬರಿರಬಹುದು, ನಾಯಕರಿರಬಹುದು, ದಲಿತರಿರಬಹುದು, ಲಿಂಗಾಯತರೂ ಇರಬಹುದು. ಮಕ್ಕಳಾಗಲಿಲ್ಲ ಅಂತ ಪೀರಲ ದೇವರಿಗೆ ಹರಕೆ ಹೊತ್ತು, ಮಗು ಹುಟ್ಟಿದ ಮೇಲೆ ಆ ದೇವರ ಹೆಸರನ್ನೇ ಇಟ್ಟವರು. ನಾವು ಟಿವಿಯವರು ಡಿಬೇಟ್ ಅಂದ ತಕ್ಷಣ ಸ್ಕ್ರೀನ್ ಮೇಲೆ ಎರಡು ಕಿಟಕಿ ತೆಗೀತೀವಿ. ಎಡಕ್ಕೆ ಒಂದು ಧರ್ಮ, ಬಲಕ್ಕೆ ಇನ್ನೊಂದು. ಈ ಹುಸೇನಪ್ಪನನ್ನ ಯಾವ ಕಿಟಕಿಯಲ್ಲಿ ಕೂರಿಸೋಣ ಹೇಳಿ?

ಕ್ರಿ.ಶ. 680ರ ಅಕ್ಟೋಬರ್ 10. ಇರಾಕಿನ ಕರ್ಬಲಾದಲ್ಲಿ ಪ್ರವಾದಿಯ ಮೊಮ್ಮಗ ಇಮಾಂ ಹುಸೇನರ ಹತ್ಯೆಯಾಯಿತು. ಆ ಸಾವಿಗೆ ಕೃಷ್ಣೆ-ತುಂಗಭದ್ರೆಯ ನಡುವಿನ ಈ ದೋಆಬ್ ಸೀಮೆಯ ರೈತ ಯಾಕೆ ಅಳ್ತಾನೆ? ಸುಲಭದ ಉತ್ತರ, ಆದಿಲ್‌ಶಾಹಿಗಳು ತಂದರು ಅನ್ನೋದು. ಅರ್ಧ ನಿಜ. ವಿಜಯಪುರದ ಯೂಸುಫ್ ಆದಿಲ್ ಶಾ ಶಿಯಾ ಪಂಥವನ್ನ ರಾಜ್ಯದ ಪಂಥ ಮಾಡಿದ. ಮೊದಲನೇ ಇಬ್ರಾಹಿಂ ಅದನ್ನ ಸುನ್ನಿಗೆ ತಿರುಗಿಸಿದ, ಮೊದಲನೇ ಅಲಿ ಮತ್ತೆ ಶಿಯಾಕ್ಕೆ, ಎರಡನೇ ಇಬ್ರಾಹಿಂ ಮತ್ತೆ ಸುನ್ನಿಗೆ. ಅರಮನೆಯ ಪಂಥ ಹೀಗೆ ಹೊರಳಾಡುತ್ತಲೇ ಇತ್ತು. ಇಲ್ಲಿನ ಬಹುಪಾಲು ಮುಸ್ಲಿಮರು ಸುನ್ನಿಗಳು. ಆದರೂ ಪಂಜಾ ಮಾತ್ರ ಊರು ಬಿಟ್ಟು ಹೋಗಲಿಲ್ಲ. ಇದೇ ರಾಯಚೂರಿಗಾಗಿ 1520ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್ ಶಾಗೂ ಘೋರ ಯುದ್ಧ ನಡೆಯಿತು ಅನ್ನೋದೂ ನೆನಪಿರಲಿ. ಮೇಲೆ ಕತ್ತಿ, ಕೆಳಗೆ ಹರಕೆ. ಎರಡೂ ಒಂದೇ ನೆಲದಲ್ಲಿ ನಡೆದಿವೆ.

ಒಂದು ಪದ ತಗೊಳ್ಳಿ. ಅರಬ್ಬಿಯಲ್ಲಿ ಕತ್ಲ್ ಅಂದರೆ ಕೊಲೆ. ಹುಸೇನರ ಹತ್ಯೆಯ ಹಿಂದಿನ ರಾತ್ರಿ 'ಕತ್ಲ್ ಕಿ ರಾತ್'. ನಮ್ಮ ಹಳ್ಳಿಯ ಬಾಯಲ್ಲಿ ಅದು 'ಕತ್ತಲ ರಾತ್ರಿ' ಆಯಿತು! ಕೊಲೆ ಅನ್ನೋ ಅರಬ್ಬಿ ಪದ ಕನ್ನಡದ ಕತ್ತಲೆಯೊಳಗೆ ಹೋಗಿ ಕೂತುಬಿಟ್ಟಿತು. ಯಾವ ಸುಲ್ತಾನನ ಫರ್ಮಾನಿನಿಂದ ಇದು ಆಗುತ್ತೆ?

ಆ ರಾತ್ರಿ ಅಲಾಯಿ ಕುಣಿಯಲ್ಲಿ ಬೆಂಕಿ. ಸುತ್ತ ಹೆಜ್ಜೆಮೇಳ, ಹುಲಿವೇಷ, ರಿವಾಯತ್ ಪದ. ಕರ್ಬಲಾದ ಕಥೆಯನ್ನ ಅಪ್ಪಟ ಕನ್ನಡದಲ್ಲಿ ಹಾಡ್ತಾರೆ. ನೈವೇದ್ಯಕ್ಕೆ ಚೊಂಗೆ, ಮಾಲದಿ. ಮುದಗಲ್‌ನ ಮೊಹರಂಗಂತೂ ದೂರದ ಊರುಗಳಿಂದ ಜನ ಬರ್ತಾರೆ.

ಇದು ಬರೀ ಮಳೆ-ಬೆಳೆಯ ಹಬ್ಬ, ಹೆಸರು ಮಾತ್ರ ಬದಲಾಗಿದೆ ಅನ್ನೋರಿದ್ದಾರೆ. ಲೆಕ್ಕ ಹಾಕಿ ನೋಡಿ. (ಎಂಜಿನಿಯರಿಂಗ್ ಓದಿದ ಚಟ, ಬಿಡಲ್ಲ.) ಹಿಜರಿ ವರ್ಷಕ್ಕೆ 354 ದಿನ, ಅಧಿಕಮಾಸ ಇಲ್ಲ. ಹಾಗಾಗಿ ಮೊಹರಂ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತೆ. 2023ರಲ್ಲಿ ಜುಲೈ 29, 2024ರಲ್ಲಿ ಜುಲೈ 17, 2025ರಲ್ಲಿ ಜುಲೈ 6. ಹೀಗೆ ಎಲ್ಲ ಋತು ಸುತ್ತಿ ಬರೋಕೆ ಸುಮಾರು 33 ವರ್ಷ ಬೇಕು. ಒಂದು ತಲೆಮಾರು ಬಿತ್ತನೆಯಲ್ಲಿ ಕಂಡ ಹಬ್ಬವನ್ನ ಇನ್ನೊಂದು ತಲೆಮಾರು ಸುಗ್ಗಿಯಲ್ಲಿ ನೋಡುತ್ತೆ. ಬೆಳೆಯ ಹಬ್ಬವಾಗಿದ್ದರೆ ರೈತ ಅದನ್ನ ಹೀಗೆ ಅಲೆಯೋಕೆ ಬಿಡ್ತಿದ್ನಾ? ಆ ಕಡೆಯ ಚಂದ್ರನ ಲೆಕ್ಕವನ್ನ ಹಾಗೇ ಒಪ್ಪಿಕೊಂಡಿದ್ದಾನೆ.

ದೇವದುರ್ಗ ಸೀಮೆ ದಾಟಿ ಕೃಷ್ಣೆಯ ಆಚೆ ದಡಕ್ಕೆ ಬಂದರೆ ತಿಂಥಣಿ. ಅಲ್ಲಿ ವಿಶ್ವಕರ್ಮ ಸಮುದಾಯದ ಸಂತ ಮೌನೇಶ್ವರರ ಜಾತ್ರೆಯಲ್ಲಿ ಭಕ್ತರು ಹಾಕೋ ಜಯಘೋಷ ಶುರುವಾಗೋದು ಓಂ ಅಂತ, ಆಮೇಲೆ ಬರೋದು ಪೀರ್, ದೀನ್. ಒಂದೇ ಉಸಿರಲ್ಲಿ!

ಈಗ ಎರಡು ಕಡೆಯಿಂದ ಒತ್ತಡ. ಪಂಜಾ ಕೂರಿಸೋದು ಇಸ್ಲಾಂ ಅಲ್ಲ ಅಂತ ಒಂದು ಗುಂಪು, ಪೀರನಿಗೆ ಕೈ ಮುಗಿಯೋದು ಹಿಂದೂಗಳ ಕೆಲಸ ಅಲ್ಲ ಅಂತ ಇನ್ನೊಂದು ಗುಂಪು. ನನಗೆ ತಮಾಷೆ ಅನ್ನಿಸೋದು, ಇಬ್ಬರೂ ಬೇರೆ ಬೇರೆ ಬಾಯಲ್ಲಿ ಹೇಳ್ತಿರೋದು ಒಂದೇ ಮಾತು. ಈ ಜಗಳದಲ್ಲಿ ಕುಣಿ ತೋಡೋ ಮನೆತನವನ್ನ, ದೇವರು ಹೊರೋನನ್ನ, ಹರಕೆ ಹೊತ್ತ ತಾಯಿಯನ್ನ ಯಾರೂ ಮೈಕ್ ಹಿಡಿದು ಕೇಳಿಲ್ಲ.

ಸವದತ್ತಿ ತಾಲ್ಲೂಕಿನ ಹಿರೇಬಿದನೂರಿನಲ್ಲಿ ಮುಸ್ಲಿಂ ಮನೆಗಳೇ ಇಲ್ಲ. ಆದರೂ ಮೊಹರಂ ತಪ್ಪಿಲ್ಲ. 2022ರಲ್ಲಿ ದೇಶದ ಚಾನೆಲ್‌ಗಳೆಲ್ಲ ಅದನ್ನ ಅಚ್ಚರಿ ಸುದ್ದಿ ಅಂತ ತೋರಿಸಿದವು. ಊರಿನವರಿಗೆ ಅಚ್ಚರಿಯಾಗಿದ್ದು ಕ್ಯಾಮೆರಾ ಬಂದಿದ್ದಕ್ಕೇ ಇರಬೇಕು.